ನಾನು ಹೇಳದ ಬೆಲೆ

ಅಂಕೋಲೆಯ ಬ್ಯಾಂಕಿನ ಮ್ಯಾನೇಜರು ನನ್ನ ತಂಗಿಯ ಎದುರಿಗೇ ನನ್ನನ್ನು ಸಾಲ ತೀರಿಸದವಳು ಎಂದರು. ಅಷ್ಟು ನೇರವಾಗಿ ಹೇಳಲಿಲ್ಲ. ಧಾರವಾಡ ಕಡೆಯ ಸಭ್ಯ ಮನುಷ್ಯ. ಕಂಪ್ಯೂಟರಿನಿಂದ ತೆಗೆದ ಹಾಳೆಯೊಂದನ್ನು ನನ್ನ ಕಡೆ ತಿರುಗಿಸಿಟ್ಟು, ದನಿ ತಗ್ಗಿಸಿ, "ಅಕ್ಕಾರ, ನಿಮ್ಮ ಜಾಮೀನು ನಡಿಯಂಗಿಲ್ಲರಿ. ಬ್ಯಾರೆ ಯಾರರ ಇದ್ರ ನೋಡ್ರಿ" ಎಂದರು. ಆ ದನಿ ತಗ್ಗಿಸಿದ್ದೇ ನನಗೆ ಹೆಚ್ಚು ಚುಚ್ಚಿತು. ಕಳ್ಳರ ಬಗ್ಗೆ ಹಾಗೆ ಮಾತಾಡುತ್ತಾರೆ.

ಎರಡು ಸಾವಿರದ ಎಂಟರ ಆಸುಪಾಸಿನ ಮಾತು. ಕಾರವಾರದಲ್ಲಿ ನನ್ನದು ಸೀರೆ ಅಂಗಡಿ. ಅಂಗಡಿಗೆ ಮೊದಲು ಗಂಟು ಹೊತ್ತು ಬಿಣಗಾದ ಕಾರ್ಖಾನೆಯವರ ಮನೆಮನೆಗೆ ಹೋಗಿ ಕಂತಿನ ಮೇಲೆ ಮಾರಿದವಳು. ಹುಬ್ಬಳ್ಳಿಯ ಸಗಟು ವ್ಯಾಪಾರಿಗಳು ನನ್ನ ಫೋನು ಬಂದರೆ ಸಾಕು, ಮಾಲು ಬಸ್ಸಿಗೆ ಹಾಕುತ್ತಿದ್ದರು. ತಂಗಿಯನ್ನು ಮಂಜಗುಣಿಗೆ ಕೊಟ್ಟಿತ್ತು. ಊರಿನ ಹೆಂಗಸರು ಮೆಣಸು ಪುಡಿ ಮಾಡಿಸಲು ಅಂಕೋಲೆಗೆ ಹೊತ್ತು ತರುವುದನ್ನು ನೋಡಿ ನೋಡಿ, ತಾನೇ ಒಂದು ಗಿರಣಿ ಹಾಕುತ್ತೇನೆಂದು ಹೊರಟಿದ್ದಳು. ಅಂಕೋಲೆಯಲ್ಲಿ ಒಬ್ಬ ಮುದುಕ ಗಿರಣಿ ಮುಚ್ಚುವವನಿದ್ದ. ಅವನ ಯಂತ್ರಕ್ಕೆ ಮುಂಗಡವನ್ನೂ ಕೊಟ್ಟಾಗಿತ್ತು. ಉಳಿದದ್ದಕ್ಕೆ ಬ್ಯಾಂಕಿನ ಸಾಲ, ಸಾಲಕ್ಕೆ ನನ್ನ ಜಾಮೀನು. ಕೈಯಿಂದಲೇ ಕೊಡಬಹುದಿತ್ತಲ್ಲ ಎನ್ನಬೇಡಿ. ನನ್ನ ದುಡ್ಡೆಲ್ಲ ಸೀರೆಯಾಗಿ ಕಪಾಟಿನಲ್ಲಿ ಕೂತಿತ್ತು. ಮಳೆಗಾಲಕ್ಕೆ ಮೊದಲು ಮನೆಮನೆಯಲ್ಲಿ ವರ್ಷದ ಮೆಣಸಿನ ಪುಡಿ, ಮಸಾಲೆ ಆಗುತ್ತದೆ. ಗಿರಣಿ ಅಷ್ಟರೊಳಗೆ ಶುರುವಾದರೆ ಮೊದಲ ವರ್ಷದ ಕಂತು ಕಣ್ಣು ಮುಚ್ಚಿ ಕಟ್ಟಬಹುದೆಂದು ನಾನೇ ಲೆಕ್ಕ ಹಾಕಿ ಕೊಟ್ಟಿದ್ದೆ.

ಮ್ಯಾನೇಜರು ತೋರಿಸಿದ ಹಾಳೆಯಲ್ಲಿ ನನ್ನ ಹೆಸರು, ಹುಟ್ಟಿದ ದಿನ, ಅಂಗಡಿಯ ವಿಳಾಸ ಎಲ್ಲ ಸರಿಯಾಗಿತ್ತು. ಅದರ ಕೆಳಗೆ ಕ್ರೆಡಿಟ್ ಕಾರ್ಡಿನ ಬಾಕಿ, ವಸೂಲಾಗದ ಸಾಲ. ನೋಡಿದ ಕೂಡಲೇ ಯಾವುದೆಂದು ಗೊತ್ತಾಯಿತು.

ಅದಕ್ಕೆ ಹಿಂದಿನ ವರ್ಷ ಟೈ ಕಟ್ಟಿದ ಹುಡುಗನೊಬ್ಬ ಅಂಗಡಿಗೆ ಬಂದು ಕಾರ್ಡು ಮಾಡಿಸಿದ್ದ. ವರ್ಷದ ಶುಲ್ಕ ತೆಗೆಸಿಯೇ ನಾನು ಸಹಿ ಹಾಕಿದ್ದು. ಮಡಗಾಂವಿಗೆ ಮಾಲು ತರಲು ಹೋದಾಗ ಒಂದು ಊಟದ ಹೋಟೆಲಿನಲ್ಲಿ ಕಾರ್ಡು ಕೊಟ್ಟೆ. ಮಾಣಿ ಅದನ್ನು ಒಳಗೆ ಒಯ್ದು ಬಹಳ ಹೊತ್ತಿನ ಮೇಲೆ ತಂದ. ಮುಂದಿನ ಬಿಲ್ಲಿನಲ್ಲಿ ದಿಲ್ಲಿಯ ಕಡೆ ಯಾವುದೋ ಅಂಗಡಿಯಲ್ಲಿ ನಾನು ಟಿವಿ ಕೊಂಡಿದ್ದೆ, ವಿಮಾನದ ಟಿಕೆಟು ತೆಗೆದಿದ್ದೆ. ವಿಮಾನವನ್ನು ನಾನು ಕೆಳಗಿನಿಂದ ಮಾತ್ರ ನೋಡಿದವಳು. ಅದೇ ದಿನ ಫೋನು ಮಾಡಿ ಕಾರ್ಡು ನಿಲ್ಲಿಸಿದೆ, ಪೊಲೀಸು ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆದೆ, ಕಾಗದ ಬರೆದೆ. ತಿಂಗಳುಗಟ್ಟಲೆ ಕಾಡಿಸಿ ಕೊನೆಗೆ ಆ ಕಾರ್ಡಿನ ಬ್ಯಾಂಕು, ಖರೀದಿ ನಿಮ್ಮದಲ್ಲ, ಮೊತ್ತ ತೆಗೆದುಹಾಕಿದ್ದೇವೆ ಎಂದು ಪತ್ರ ಕಳಿಸಿತು. ಮುಗಿಯಿತೆಂದುಕೊಂಡೆ.

ಮುಗಿದಿರಲಿಲ್ಲ. ಟಿವಿ ತೆಗೆದರು, ಟಿಕೆಟು ತೆಗೆದರು, ಆದರೆ ಅಷ್ಟು ತಿಂಗಳು ಅವುಗಳ ಮೇಲೆ ಏರಿದ ಬಡ್ಡಿಯನ್ನೂ ತಡವಾದ ದಂಡವನ್ನೂ ಹಾಗೇ ಬಿಟ್ಟರು. ಅದು ಮರಿ ಹಾಕುತ್ತ ನಾಲ್ಕು ಸಾವಿರ ದಾಟಿತು. ಆಮೇಲೆ ನಾನು ಸಾಲ ತೀರಿಸದವಳೆಂದು ಮುಂಬಯಿಯಲ್ಲಿ ಎಲ್ಲರ ಸಾಲದ ಚರಿತ್ರೆ ಇಡುವ ಒಂದು ಕಂಪನಿಗೆ ಬರೆದು ಕಳಿಸಿದರು. ಆ ಕಂಪನಿ ಇದೆಯೆಂದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅದಕ್ಕೆ ಮಾತ್ರ ನನ್ನ ಹುಟ್ಟಿದ ದಿನವೂ ಗೊತ್ತಿತ್ತು.

ಬ್ಯಾಂಕಿನಿಂದ ಬಸ್‌ಸ್ಟ್ಯಾಂಡಿನವರೆಗೆ ತಂಗಿ ನನಗಿಂತ ಮುಂದೆ ನಡೆದಳು. ಮಂಜಗುಣಿಯ ಬಸ್ಸು ಹೊರಡುವ ಹೊತ್ತಿಗೆ ನನ್ನ ಕೈ ಹಿಡಿದು, "ಅಕ್ಕಾ, ಕಷ್ಟ ಇದ್ದದ್ದು ಹೌದಾದ್ರೆ ಮೊದ್ಲೇ ಹೇಳೂದಲ್ಲಾ? ನನ್ನ ಬಳೆ ಅದೆ. ಇಟ್ಟು ತೀರ್ಸ್ಕೊ. ಭಾವಂಗೆ ಗೊತ್ತಾಗೂದು ಬೇಡ" ಎಂದಳು.

ನಾನು ಎತ್ತಿ ಆಡಿಸಿದ ಹುಡುಗಿ. ನಾನು ತೆಗೆದುಕೊಟ್ಟ ಬಳೆ. ದಿಲ್ಲಿಯಲ್ಲಿ ಯಾವನೋ ನನ್ನ ಹೆಸರಿನಲ್ಲಿ ಟಿವಿ ನೋಡುತ್ತ ಕೂತಿದ್ದಾನೆ, ಇಲ್ಲಿ ನನ್ನ ತಂಗಿ ನನ್ನನ್ನು ಕನಿಕರದಿಂದ ನೋಡುತ್ತಾಳೆ. ಆ ಸಿಟ್ಟು ಇವತ್ತಿಗೂ ಆರಿಲ್ಲ.

ಕಾರ್ಡಿನ ಬ್ಯಾಂಕಿನ ವಸೂಲಿಯವನ ಫೋನು ಮೊದಲೂ ಬರುತ್ತಿತ್ತು, ನಾನು ಬೈದು ಇಡುತ್ತಿದ್ದೆ. ಈ ಸಲ ಪೂರ್ತಿ ಕೇಳಿಸಿಕೊಂಡೆ. ಬೆಣ್ಣೆಯಂಥ ದನಿ. "ಮೇಡಂ, ನೀವೇ ಒಂದು ಅಮೌಂಟ್ ಹೇಳಿ, ಇವತ್ತೇ ಕ್ಲೋಸ್ ಮಾಡಿಸ್ತೀನಿ" ಎಂದ. ಅಮೌಂಟು ಯಾವ ಸಾಮಾನಿನದು, ಅದನ್ನು ಬರೆದು ಕಳಿಸು ತಮ್ಮಾ ಎಂದೆ. ಬರೆದು ಕೊಡುವ ಪದ್ಧತಿ ಇಲ್ಲವಂತೆ.

ನಮ್ಮ ಯಜಮಾನರಿಗೆ ಇದು ಅರ್ಥವಾಗಲಿಲ್ಲ. "ನೀ ಒಂದ್ಸಲ ಬಾಯಿ ಬಿಟ್ರೆ ಅವ ಅರ್ಧಕ್ಕೆ ಇಳೀತ. ಜನ್ಮೆಲ್ಲ ಚೌಕಾಶಿ ಮಾಡ್ದವ್ಳು, ಇಲ್ಲಿ ಎಂತಕ್ಕೆ ಬಾಯಿಗೆ ಬೀಗ?" ಎಂದರು.

ಅವರು ಮೀನು ಪೇಟೆಗೆ ಹೋದವರಲ್ಲ, ಅದಕ್ಕೇ ಹಾಗೆ ಕೇಳಿದರು. ಕಾರವಾರದ ಪೇಟೆಯಲ್ಲಿ ಬಾಂಗಡೆಯ ಬುಟ್ಟಿಯ ಮುಂದೆ ಎಷ್ಟು ಹೊತ್ತು ಬೇಕಾದರೂ ನಿಲ್ಲಿ, ಮೂಗು ಮುರಿಯಿರಿ, ಕಿವಿರು ಎತ್ತಿ ನೋಡಿ, ಯಾರೂ ಏನೂ ಹೇಳುವುದಿಲ್ಲ. ಆದರೆ ನೀವೊಂದು ಬೆಲೆ ಹೇಳಿ, ಮೀನು ಮಾರುವವಳು ಆಯಿತು ಎಂದರೆ ಆ ಮೀನು ನಿಮ್ಮದು. ಬಿಟ್ಟು ನಡೆದರೆ ಸಾಲಿನಲ್ಲಿ ಕೂತವರೆಲ್ಲ ನಿಮ್ಮ ಮೂರು ತಲೆಮಾರನ್ನು ತೊಳೆಯುತ್ತಾರೆ. ಬೆಲೆ ಹೇಳುವುದೆಂದರೆ ಕೊಳ್ಳಲು ಒಪ್ಪಿದಂತೆ. ನಾನು ನೂರು ರೂಪಾಯಿ ಎಂದು ಬಾಯಿ ಬಿಟ್ಟಿದ್ದರೂ ಆ ಸಾಲ ನನ್ನದಾಗುತ್ತಿತ್ತು. ಆದ್ದರಿಂದ ಕೇಳಿ: ನಿಮ್ಮದಲ್ಲದ ಸಾಲಕ್ಕೆ ಯಾರಾದರೂ ನೀವೇ ಒಂದು ಅಂಕಿ ಹೇಳಿ ಎಂದರೆ ಹೇಳಬೇಡಿ. ಎಷ್ಟೇ ಕಡಿಮೆ ಇರಲಿ, ಹೇಳಬೇಡಿ.

ಮತ್ತೆ ಅಂಕೋಲೆಗೆ ಹೋದಾಗ ಮ್ಯಾನೇಜರೂ ಅದನ್ನೇ ಹೇಳಿದರು: ಸಣ್ಣ ಮೊತ್ತ, ಬಿಸಾಡಿ, ತಂಗಿಯ ಸಾಲಕ್ಕೆ ನಾನೇ ಮೇಲಿನವರ ಹತ್ತಿರ ಮಾತಾಡುತ್ತೇನೆ. ಕೊಟ್ಟ ಮೇಲೆ ಆ ಹಾಳೆಯಲ್ಲಿ ಏನು ಬರೆಯುತ್ತಾರೆ ಎಂದು ಕೇಳಿದೆ. ಅವರು, ಸೆಟಲ್ಡ್ ಅಂತ ಬರೆಯುತ್ತಾರೆ ಎಂದರು. ಅದರ ಅರ್ಥ ಬಿಡಿಸಿ ಹೇಳಿ ಎಂದೆ. ಪೂರ್ತಿ ಕೊಡಲಾಗದೆ ರಾಜಿಯಲ್ಲಿ ಮುಗಿಸಿಕೊಂಡರು ಅಂತ ಅರ್ಥವಂತೆ. ವರ್ಷಗಟ್ಟಲೆ ಹಾಗೇ ಇರುತ್ತದಂತೆ. ನನ್ನ ದುಡ್ಡು ಕೊಟ್ಟು ನಾನೇ ದಿವಾಳಿಯ ಸರ್ಟಿಫಿಕೇಟು ಕೊಳ್ಳಬೇಕಿತ್ತು.

ತಂಗಿ ಬೇರೆ ಜಾಮೀನು ಹುಡುಕಿದಳು. ಗಂಡನ ಕಡೆಯವರು, ಸ್ವಂತ ಅಕ್ಕನದ್ದನ್ನೇ ಬ್ಯಾಂಕು ಬೇಡ ಎಂದಿದೆಯಂತೆ ಎಂದು ಹಿಂದೆ ಸರಿದರು. ಆ ರಾತ್ರಿ ಫೋನಿನಲ್ಲಿ ಅವಳ ದನಿಯಲ್ಲಿ ಕನಿಕರ ಇರಲಿಲ್ಲ.

"ನಾಲ್ಕು ಸಾವ್ರ ನಿಂಗೆ ಒಂದು ಸೀರೆ. ಗಿರಣಿ ಹೋದ್ರೆ ನಂಗೆ ಜನ್ಮಕ್ಕೇ ಹೋಯ್ತು. ಆ ಹೆಸ್ರು ಇಟ್ಕೊಂಡು ಎಂತ ಮಾಡ್ತೆ ನೀನು, ಉಪ್ಪಿನಕಾಯಿ ಹಾಕ್ತ್ಯಾ?"

ನಾನು ಜಾಮೀನು ನಿಲ್ಲಬೇಕಾದದ್ದು ಇದೊಂದೇ ಸಲವಲ್ಲ, ನಾಳೆ ಅವಳ ಮಕ್ಕಳಿಗೂ ನಿಲ್ಲಬೇಕು ಎಂದು ಹೇಳಬಹುದಿತ್ತು. ಹೇಳಿದರೆ ಫೋನು ಇಡುತ್ತಿದ್ದಳು. ಮರುದಿನ ಆ ಮುದುಕನ ಗಿರಣಿಗೆ ಹೋಗಿ ಕೂತೆ. ಬೆಲೆಗೆ ಚೌಕಾಶಿ ಮಾಡಲಿಲ್ಲ, ಕಾಯುವುದಕ್ಕೆ ಮಾಡಿದೆ. ಮಳೆಗಾಲ ಮುಗಿಯುವ ತನಕ ಯಂತ್ರ ಯಾರಿಗೂ ಕೊಡುವುದಿಲ್ಲ ಎಂದು ಅವನಿಂದ ಹೇಳಿಸಿದೆ. ಅದಕ್ಕೆ ಬದಲಾಗಿ ಅವನ ಮೊಮ್ಮಗಳ ಮದುವೆಯ ಜವಳಿ ನನ್ನ ಅಂಗಡಿಯಿಂದ, ಕೊಂಡ ಬೆಲೆಗೆ. ಮದುವೆ ದೊಡ್ಡದಿತ್ತು.

ಇನ್ನು ಕಾಗದದ ಕೆಲಸ. ಮುಂಬಯಿಯ ಕಂಪನಿಗೆ ಡಿಡಿ ಕಳಿಸಿ ನನ್ನದೇ ಚರಿತ್ರೆಯನ್ನು ನಾನು ದುಡ್ಡು ಕೊಟ್ಟು ತರಿಸಿದೆ. ತಪ್ಪು ಎಂದು ಬರೆದೆ. ಬ್ಯಾಂಕು ಹೇಳದೆ ನಾವು ತಿದ್ದುವಂತಿಲ್ಲ ಎಂದರು. ಕಾರ್ಡಿನ ಬ್ಯಾಂಕಿಗೆ ಬರೆದರೆ, ಚರಿತ್ರೆ ನಮ್ಮದಲ್ಲ, ಮುಂಬಯಿಯವರನ್ನು ಕೇಳಿ ಎಂದರು. ಸುಳ್ಳು ಹೇಳುವಾಗ ಇಬ್ಬರೂ ಒಂದೇ ಮನೆಯವರು, ತಿದ್ದುವಾಗ ಪರಸ್ಪರ ಗುರುತೇ ಇಲ್ಲ. ಮೊದಲಿಗೆ ನಾನು ಉದ್ದುದ್ದ ಕಾಗದ ಬರೆಯುತ್ತಿದ್ದೆ, ಸಿಟ್ಟೆಲ್ಲ ಅದರೊಳಗೆ. ಅದು ದಡ್ಡತನ; ಸಿಟ್ಟನ್ನು ಯಾರೂ ಫೈಲಿಗೆ ಹಾಕುವುದಿಲ್ಲ. ಕೊನೆಗೆ ಒಂದೇ ಪ್ರಶ್ನೆ ಬರೆದೆ: ಖರೀದಿ ನನ್ನದಲ್ಲ ಎಂದು ನೀವೇ ಬರೆದುಕೊಟ್ಟ ಮೇಲೆ, ಆ ಖರೀದಿಯ ಬಡ್ಡಿ ನನ್ನದು ಹೇಗೆ? ಅದರ ಜೊತೆ ಅವರದೇ ಪತ್ರದ ನಕಲು, ಪೊಲೀಸರ ಸ್ವೀಕೃತಿ. ಒಂದು ಪ್ರತಿ ಬ್ಯಾಂಕಿನ ದೂರಿನ ಅಧಿಕಾರಿಗೆ, ಒಂದು ಮುಂಬಯಿಗೆ, ರಿಜಿಸ್ಟರ್ಡ್ ಅಂಚೆಯಲ್ಲೇ. ಅವರು ಉತ್ತರ ಕೊಡಬೇಕಾದ ತಿಂಗಳ ಅವಧಿ ಮುಗಿದ ಮೇಲೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಒಂಬುಡ್ಸ್‌ಮನ್ ಕಚೇರಿಗೆ ಅದೇ ಕಟ್ಟು ಕಳಿಸಿದೆ. ಅಲ್ಲಿಂದ ವಿವರಣೆ ಕೇಳಿ ಪತ್ರ ಹೋದದ್ದೇ ತಡ, ತಿಂಗಳುಗಟ್ಟಲೆ ಯಾರಿಗೂ ಸಿಗದಿದ್ದ ಉತ್ತರ ಎಲ್ಲರಿಗೂ ಸಿಕ್ಕಿತು. ಬಾಕಿ ತಾಂತ್ರಿಕ ಕಾರಣದಿಂದ ತೋರಿಸಲ್ಪಟ್ಟಿತ್ತು, ತಿದ್ದಲಾಗಿದೆ, ಅನನುಕೂಲಕ್ಕೆ ವಿಷಾದಿಸುತ್ತೇವೆ. ಅನನುಕೂಲವಂತೆ. ಅಷ್ಟರಲ್ಲಿ ಮೆಣಸಿನ ಕಾಲ ಮುಗಿದು, ಮಂಜಗುಣಿಯ ಹೆಂಗಸರು ಆ ವರ್ಷವೂ ಅಂಕೋಲೆಗೇ ಹೊತ್ತು ಬಂದಿದ್ದರು. ಆ ನಷ್ಟಕ್ಕೆ ಯಾರೂ ವಿಷಾದಿಸಲಿಲ್ಲ.

ಮಳೆ ಹಿಡಿದ ಒಂದು ಬೆಳಿಗ್ಗೆ ತಂಗಿಯೊಂದಿಗೆ ಬ್ಯಾಂಕಿಗೆ ಹೋದೆ. ಮ್ಯಾನೇಜರು ಹೊಸ ಹಾಳೆ ನೋಡಿ, ಎಲ್ಲಾ ಸರಿ ಆಗೇದ ಎಂದು ಜಾಮೀನಿನ ಕಾಗದ ಮುಂದೆ ಸರಿಸಿದರು. ನಾನು ಪೆನ್ನು ಮುಟ್ಟಲಿಲ್ಲ.

"ಅದ್ರಲ್ಲಿದ್ದದ್ದು ಓದಿ ಸಾಹೇಬ್ರೆ. ಆವತ್ತು ಇವ್ಳ ಎದ್ರಿಗೆ ಮೆಲ್ಲ ಹೇಳಿದ್ರಿ, ಇವತ್ತು ಜೋರಾಗಿ ಓದಿ."

ಅವರು ನಗಲಿಲ್ಲ, ಸಿಟ್ಟಾಗಲಿಲ್ಲ. ಕನ್ನಡಕ ಹಾಕಿಕೊಂಡು, ಕ್ಯಾಷಿನ ಸಾಲಿನಲ್ಲಿದ್ದವರಿಗೂ ಕೇಳುವಂತೆ ನನ್ನ ಹೆಸರು ಓದಿ, "ಬಾಕಿ ಏನೂ ಇಲ್ಲ" ಎಂದರು. ತಂಗಿ ನೆಲ ನೋಡುತ್ತಿದ್ದಳು. ಹಾಗೇ ಪೆನ್ನಿನ ಮುಚ್ಚಳ ತೆಗೆದು ನನ್ನ ಕೈಗೆ ತುರುಕಿದಳು.

"ಆಯ್ತಲ್ಲ, ಸಹಿ ಹಾಕು ಈಗ. ಯಂತ್ರ ಒಯ್ಯೂಕೆ ಟೆಂಪೋ ಹೇಳಿಟ್ಟಿದ್ದೆ, ಅವ ಕಾಯ್ತಾ ಅದಾನೆ."