ಡಾಯ್ಲ್ ಒತ್ತದ ಕೈ

ಅಮೆರಿಕದ ಟೆನ್ನೆಸ್ಸಿ ರಾಜ್ಯದ ಒಂದು ಕ್ಷೌರದಂಗಡಿಯಲ್ಲಿ ಶನಿವಾರ ಬೆಳಿಗ್ಗೆ ಹಳೆಯ ಟಿವಿ ಕುಸ್ತಿಯ ಟೇಪು ಹಾಕಿ ಕುಸ್ತಿಪಟುಗಳ ನಟನೆಯಲ್ಲಿ ತಪ್ಪು ಹುಡುಕುವುದು ರೂಢಿ; ಸೋಲು ಗೆಲುವೆಲ್ಲ ಮೊದಲೇ ಗೊತ್ತುಮಾಡಿದ ಆಟ ಅದು. ಒಂದು ಕಾಲದಲ್ಲಿ ಆ ಕುಸ್ತಿಗಳಿಗೆ ರೆಫರಿಯಾಗಿದ್ದ ವರ್ಜಿಲ್ ಕೆನ್ನೆಗೆ ನೊರೆ ಹಚ್ಚಿಸಿಕೊಂಡು ಕುಳಿತಿದ್ದರು.

ಪರದೆಯಲ್ಲಿ ಡಾಯ್ಲ್ ಎಂಬ ಕುಸ್ತಿಪಟು ತಲೆಕೆಳಗಾಗಿ ಬಿದ್ದ.

“ನೋಡಣ್ಣ, ಗೋಣಿಚೀಲದ ಥರ ಬಿದ್ಕೊಂಡವ್ನೆ! ಇದೂ ಒಂದು ನಟನೆಯಾ?” ಕ್ಷೌರಿಕ ಹಾರ್ಲನ್ ನಕ್ಕ.

ಪರದೆಯ ಯುವಕ ವರ್ಜಿಲ್ ಬಗ್ಗಿ ಡಾಯ್ಲ್‌ನ ಕೈ ಹಿಡಿದರು. ನಿಜವಾಗಿ ಪೆಟ್ಟಾಗದಿದ್ದರೆ ಬಿದ್ದವನು ರೆಫರಿಯ ಕೈಯನ್ನು ಗುಟ್ಟಾಗಿ ಒತ್ತಬೇಕು. ಡಾಯ್ಲ್ ಒತ್ತಲಿಲ್ಲ. ಆದರೆ ನೇರ ಪ್ರಸಾರ ಮುಗಿಯಲು ಇನ್ನೂ ಎರಡು ನಿಮಿಷ ಬಾಕಿಯಿತ್ತು. ವರ್ಜಿಲ್ ಎದುರಾಳಿಗೆ ಮುಂದುವರಿಸುವಂತೆ ಸನ್ನೆ ಮಾಡಿದರು. ಅವನು ಡಾಯ್ಲ್‌ನನ್ನು ಎತ್ತಿ ಮತ್ತೊಮ್ಮೆ ಕೆಡವಿದ. ಡಾಯ್ಲ್ ಬೇರೆ ರಾಜ್ಯಕ್ಕೆ ಆಡಲು ಹೋದನೆಂದು ಆಗ ಮರುವಾರ ಟಿವಿಯವರು ಹೇಳಿದ್ದರು.

“ಅದು ನಟನೆ ಅಲ್ಲ ಕಣೋ. ಅವತ್ತಿಂದ ಅವನು ಗಾಲಿಕುರ್ಚೀಲಿ ಇದಾನೆ,” ಎಂದರು ವರ್ಜಿಲ್.

ಹಾರ್ಲನ್‌ನ ಕತ್ತಿ ನಿಂತಿತು. “ನಿಂಗೆ ಗೊತ್ತಿತ್ತಾ?”

“ಕೈ ಹಿಡಿದಾಗ್ಲೇ ಗೊತ್ತಾಯ್ತು. ಅವನು ಇವತ್ತಿಗೂ ಎದುರಾಳೀನೇ ಬೈತಾನೆ.”

“ಸನ್ನೆ ಮಾಡಿದ್ದು ನೀನೇ ಅಂತ ಅವನಿಗೆ ಹೇಳಿಲ್ವಾ?”

“ಧೈರ್ಯ ಬರ್ಲಿಲ್ಲ.”

ಹಾರ್ಲನ್ ಟಿವಿ ಆರಿಸಿ, ಉಳಿದ ಕೆನ್ನೆಯನ್ನು ಬೋಳಿಸಿದ. ಮಧ್ಯಾಹ್ನ ವರ್ಜಿಲ್ ಕಾರಿನಲ್ಲಿ ನದಿ ದಾಟಿ, ಪಕ್ಕದ ಆರ್ಕನ್ಸಾ ರಾಜ್ಯದಲ್ಲಿ ಡಾಯ್ಲ್ ಇದ್ದ ಅವನ ಅಕ್ಕನ ಮನೆಯ ಬಾಗಿಲು ತಟ್ಟಿದರು.