ರಾಯವ್ವ ಮತ್ತು ಕಾಂಗ್ರೆಸ್ ಕಸ

ಅಂಕಲಗಿಯ ಆಚೆಗಿನ ಆ ಹಳ್ಳಿಯಲ್ಲಿ ಕಸ ತೆಗೆಯುವ ಹೆಂಗಸರಿಗೆಲ್ಲ ರಾಯವ್ವನೇ ಮುಂದಾಳು. ಅರಿಷಿಣದ ಹೊಲವಾಗಲಿ, ಉಳ್ಳಾಗಡ್ಡಿಯದಾಗಲಿ, ಅವಳು ಸಾಲು ಹಿಡಿದು ಕೂತರೆ ಬೆಳೆಗೆ ನೋವಾಗದಂತೆ ಕಸವಷ್ಟೇ ಬೇರುಸಮೇತ ಕೈಗೆ ಬರುತ್ತಿತ್ತು. ಊರ ಸಾವುಕಾರ ಮುರಿಗೆಪ್ಪನ ಹೊಲಕ್ಕಂತೂ ಮದುವೆಯಾಗಿ ಬಂದ ವರ್ಷದಿಂದ ಹೋಗುತ್ತಿದ್ದವಳು. ಗಂಡ ಉದ್ದಪ್ಪ ತೀರಿಕೊಂಡ ಮೇಲೆ ಅದೇ ದುಡಿಮೆಯಲ್ಲಿ ಮಗಳು ಆಮ್ರಪಾಲಿಯನ್ನು ಓದಿಸಿದಳು. ಮಗಳೀಗ ಗೋಕಾಕದ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ.

ಕಾಂಗ್ರೆಸ್ ಕಸ ಊರಿಗೆ ಹೊಸದಲ್ಲ. ಪರದೇಶದಿಂದ ಬಂದು ದೇಶದ ತುಂಬ ಹಬ್ಬಿದ ಗಿಡ, ರಸ್ತೆಯ ಬದಿಗೆ ಅಲ್ಲಲ್ಲಿ ಇದ್ದೇ ಇತ್ತು. ಆದರೆ ಕಾಲುವೆ ದುರಸ್ತಿಗೆಂದು ಲಾರಿಗಟ್ಟಲೆ ಹೊರಗಿನ ಮಣ್ಣು ತಂದು ದಂಡೆಗೆ ಸುರಿದರಲ್ಲ, ಆಮೇಲೆ ಅದಕ್ಕೆ ಲಂಗುಲಗಾಮಿಲ್ಲದಾಯಿತು. ಎರಡೇ ಮಳೆಗಾಲದಲ್ಲಿ ಬದುಗಳೆಲ್ಲ ಬಿಳಿ ಹೂವಿನಲ್ಲಿ ಮುಚ್ಚಿಹೋದವು. ಅದರಡಿ ಹುಲ್ಲು ಸತ್ತಿತು. ಎಮ್ಮೆಗಳು ಮೂಸಿ ಮುಖ ತಿರುಗಿಸಿದವು.

"ಹೂ ಬಿಡೂಕಿಂತ ಮೊದ್ಲ ಕಿತ್ತ ಒಗಿಯೂಣ್ರಿ ಸಾವ್ಕಾರ್ರ," ಎಂದು ರಾಯವ್ವ ಮುರಿಗೆಪ್ಪನಿಗೆ ಹೇಳಿದ್ದಳು.

"ಬದುವಿನ ಕಸಕ್ಕ ಯಾರರ ಆಳ ಹಚ್ಚತಾರೇನ? ಬೆಳಿಯಾಗಿಂದಷ್ಟ ತಗಿ," ಎಂದ ಆತ.

ಬೆಳೆಯೊಳಗಿನದನ್ನು ಅವಳು ಮಳೆಗಾಲವಿಡೀ ಬರಿಗೈಯಲ್ಲಿ ಕಿತ್ತಳು. ಮೊದಲು ಕಣ್ಣಿನ ರೆಪ್ಪೆ ತುರಿಸಿತು. ಆಮೇಲೆ ಕುತ್ತಿಗೆ, ಮೊಣಕೈ ಸಂದಿ. ಚರ್ಮ ಕಪ್ಪಗೆ ದಪ್ಪಗಾಗಿ, ಬಿರಿದು, ರಸಿಗೆ ಸೋರತೊಡಗಿತು. ಬಿಸಿಲಿಗೆ ಹೋದರೆ ಮೈಗೆ ಖಾರ ಸವರಿದಂತೆ ಉರಿ.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ರಾಯವ್ವ ನೀರಿನ ಕೊಡಕ್ಕೆ ಕೈಚಾಚಿದಳು. ಬುತ್ತಿ ತಂದಿದ್ದ ಮುರಿಗೆಪ್ಪನ ಹೆಂಡತಿ ಲಕ್ಕವ್ವ ಕೊಡವನ್ನು ಸರಕ್ಕನೆ ಎಳೆದುಕೊಂಡಳು.

"ಮುಟ್ಟಬ್ಯಾಡ. ನಾಳಿಂದ ಕೆಲಸಕ್ಕೂ ಬರಬ್ಯಾಡ. ನಿನಗ ಕುಷ್ಠ ಹತ್ತೈತಿ ಅಂತ ಮಂದಿ ಮಾತಾಡಾಕತ್ತಾರ."

ಜೊತೆಯ ಹೆಂಗಸರು ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತ ಕೂತರು. ರಾಯವ್ವನ ಅವ್ವನ ಕಾಲದಲ್ಲಿ ಅವರ ಓಣಿಯವರ ಬೊಗಸೆಗೆ ಮೇಲಿನಿಂದ ನೀರು ಸುರಿಯುತ್ತಿದ್ದರು. ಅದು ಮುಗಿದ ಕತೆಯೆಂದು ಅವಳು ನಂಬಿದ್ದಳು. ಮುಗಿದಿರಲಿಲ್ಲ, ಒಂದು ನೆವ ಕಾಯುತ್ತಿತ್ತು ಅಷ್ಟೇ.

ಆಮ್ರಪಾಲಿ ತಾಯಿಯನ್ನು ಗೋಕಾಕದ ಚರ್ಮದ ಡಾಕ್ಟರಿಗೆ ತೋರಿಸಿದಳು.

"ಇದು ಕುಷ್ಠ ಅಲ್ಲವ್ವಾ, ಒಬ್ಬರಿಂದ ಒಬ್ಬರಿಗೆ ಹತ್ತೂದೂ ಅಲ್ಲ," ಎಂದರು ಡಾಕ್ಟರು. "ಕಾಂಗ್ರೆಸ್ ಕಸ ನಿಮ್ಮ ಮೈಗೆ ಆಗಿಬರಂಗಿಲ್ಲ. ಅದರ ಧೂಳ ಗಾಳ್ಯಾಗ ಬಂದ್ರೂ ಸಾಕು. ಅದರಿಂದ ದೂರ ಇರ್ರಿ."

"ಎಷ್ಟ ದೂರ ಹೋಗ್ಲಿರಿ ಡಾಕ್ಟರ ಬಾಯಾರ?"

ಡಾಕ್ಟರು ಮುಲಾಮು ಬರೆದುಕೊಟ್ಟರು. ಹೊರಗೆ ಬಂದರೆ ಕಂಪೌಂಡಿನ ಗೋಡೆಯುದ್ದಕ್ಕೂ ಅದೇ ಗಿಡ, ಎದೆಯೆತ್ತರ, ಮೈತುಂಬ ಹೂ.

ಮುಲಾಮಿಗೆ ಉರಿ ತಗ್ಗಿತು, ಊರಿನ ಮಾತು ತಗ್ಗಲಿಲ್ಲ. ಡಾಕ್ಟರು ಹೇಳಿದ್ದನ್ನು ಕಂಡಕಂಡವರಿಗೆ ಹೇಳಿದರೂ ಯಾರೂ ಕೆಲಸಕ್ಕೆ ಕರೆಯಲಿಲ್ಲ.

ಮರುವರ್ಷ ಬದುವಿಗೆ ಹೋಗಿ ಕಸದ ನಡುವೆ ಅಳಿದುಳಿದ ಮೇವು ಕೊಯ್ಯುತ್ತಿದ್ದ ಲಕ್ಕವ್ವನ ಕೈ, ರೆಪ್ಪೆಗಳೂ ಬಾತುಕೊಂಡವು. ಮುರಿಗೆಪ್ಪ ಕಾರು ಮಾಡಿಕೊಂಡು ಬೆಳಗಾವಿಗೆ ಕರೆದೊಯ್ದ. ಬರುವಾಗ ಅದಕ್ಕೊಂದು ಹೆಸರೂ ಬಂತು: ಅಲರ್ಜಿ. ನೋಡಲು ಬಂದವರು ಲಕ್ಕವ್ವ ಮಾಡಿಕೊಟ್ಟ ಚಹಾ ಕುಡಿದು, ಪಾಪ ಎಂದು ಮರುಗಿ ಹೋದರು.

ಸುದ್ದಿ ಕೇಳಿದಾಗ ರಾಯವ್ವನ ಮೈಯೆಲ್ಲ ಹೊತ್ತಿಕೊಂಡಿತು. ಹಾಡುಹಗಲೇ ಓಣಿ ದಾಟಿ ಹೋಗಿ, ಬಸವಣ್ಣನ ಫೋಟೋ ತೂಗುಹಾಕಿದ್ದ ಅವರ ಪಡಸಾಲೆಯ ನಡುವೆ ನಿಂತಳು.

"ನಿಮಗ ಬಂದ್ರ ಅಲರ್ಜಿ, ನನಗ ಬಂದ್ರ ಕುಷ್ಠ ಏನ್ರಿ ಅಕ್ಕಾರ? ಗಿಡಾನೂ ಒಂದ, ಗಾಳಿನೂ ಒಂದ. ಹೆಸರ ಎರಡ ಯಾಕ ಇಟ್ರಿ?"

ಲಕ್ಕವ್ವ ಬಾತ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಮುರಿಗೆಪ್ಪ ನಡುವೆ ಬಾಯಿ ಹಾಕಿದ: "ಹೋಗ್ಲಿ ಬಿಡ ರಾಯವ್ವಾ, ನಮಗ ತಿಳೀಲಿಲ್ಲ. ನಾಳಿಂದ ಕೆಲಸಕ್ಕ ಬಾ."

"ಕೆಲಸ ಬೇಡಾಕ ಬಂದಿಲ್ರಿ. ಊರ ತುಂಬ ಹಬ್ಬಿಸಿದ ಮಾತ ಊರ ಮುಂದ ತಗೀರಿ. ಗ್ರಾಮಸಭಾದಾಗ ಎದ್ದ ನಿಂತ ಹೇಳ್ರಿ."

ಗ್ರಾಮಸಭೆಯ ದಿನ ಮುರಿಗೆಪ್ಪ ಕೆಮ್ಮುತ್ತ ಕುಳಿತೇ ಇದ್ದ. ಎದ್ದದ್ದು ಲಕ್ಕವ್ವ. "ರಾಯವ್ವಗ ಯಾವ ರೋಗಾನೂ ಇಲ್ಲ. ನನಗ ಆಗಿದ್ದ ಆಕಿಗೂ ಆಗಿತ್ತು. ತಪ್ಪ ಮಾತಾಡಿದಾಕಿ ನಾನು," ಎಂದು ಕೂತಳು. ರಾಯವ್ವ ಅದನ್ನು ಕೇಳಿ ಕಣ್ಣೊರೆಸಿಕೊಳ್ಳಲಿಲ್ಲ, ಕೈಮುಗಿಯಲೂ ಇಲ್ಲ. ಎದ್ದು ಕಸದ ಮಾತೆತ್ತಿದಳು.

"ಮಷೀನ್ ಹಚ್ಚಿ ವರ್ಷಾ ವರ್ಷಾ ಕೊಯ್ಸತೇವಲ್ಲವ್ವಾ," ಎಂದ ಪಂಚಾಯ್ತಿ ಸದಸ್ಯ ಗಜಾನನ.

"ಹೂ ತುಂಬಿದ ಮ್ಯಾಲ ಕೊಯ್ಸತೀರಿ. ಬೀಜ ಊರ ತುಂಬ ಉದರತಾವ. ಅದು ಕೊಯ್ಯೂದಲ್ರಿ, ಬಿತ್ತೂದು!"

ಸಭೆಯಲ್ಲಿ ಗದ್ದಲವೆದ್ದಿತು. ಆದರೆ ಈ ವರ್ಷ ಮೊದಲ ಮಳೆ ಬಿದ್ದು ಮಣ್ಣು ಮೆತ್ತಗಾದಾಗ, ಶಾಲೆಯ ಸುತ್ತ ಮತ್ತು ಕಾಲುವೆಯ ದಂಡೆಗೆ ಪಂಚಾಯ್ತಿಯ ಆಳುಗಳು ರಬ್ಬರ್ ಕೈಗವಸು ಹಾಕಿಕೊಂಡು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಇಳಿದರು. ಹೂ ಬಿಡುವ ಮೊದಲೇ ಎಳೆ ಗಿಡಗಳನ್ನು ಕಿತ್ತರು. ಅರ್ಧ ದಂಡೆ ಮುಗಿಯುವಷ್ಟರಲ್ಲಿ ಕೆಲಸ ನಿಂತಿತು. ಮುಂದಿನದು ನಮ್ಮ ಹದ್ದಿನೊಳಗೆ ಬರುವುದಿಲ್ಲ ಎಂದರು ಪಂಚಾಯ್ತಿಯವರು.

ರಾಯವ್ವ ಮತ್ತೆ ಯಾರ ಹೊಲಕ್ಕೂ ಇಳಿದಿಲ್ಲ. ಆ ಗಿಡದ ಹತ್ತಿರ ಸುಳಿದರೆ ಇಂದಿಗೂ ಅವಳ ಕುತ್ತಿಗೆ ಕೆಂಪಾಗುತ್ತದೆ. ಮನೆಯಲ್ಲೇ ರೊಟ್ಟಿ ಬಡಿದು ಗೋಕಾಕದ ಖಾನಾವಳಿಗೆ ಕಳಿಸುತ್ತಾಳೆ. ಲಕ್ಕವ್ವ ಎದುರಾದರೆ ಮಾತಾಡುತ್ತಾಳೆ, ಅವರ ಮನೆಯ ಹೊಸ್ತಿಲು ಮಾತ್ರ ತುಳಿಯುವುದಿಲ್ಲ.

"ಇನ್ನರ ಸಿಟ್ಟ ಬಿಡ ಯವ್ವಾ," ಎಂದಳು ಮೊನ್ನೆ ಆಮ್ರಪಾಲಿ.

"ಯಾಕ ಬಿಡಲಿ?" ಎಂದಳು ರಾಯವ್ವ. "ಅರ್ಧಾ ದಂಡಿ ಹಂಗ ಉಳದೈತಿ."