ತಿಥಿ ಕಾರ್ಡಿನ ಅಕ್ಷರ

ದೊಡ್ಡಬಳ್ಳಾಪುರದಲ್ಲಿ ಸರ್ದಾರ್ ಪಾಷಾ ಅವರ ಪ್ರೆಸ್ಸು ಇತ್ತು. ಅಲ್ಲಿ ಪಾಪಯ್ಯನವರು ಮೂವತ್ತೆಂಟು ವರ್ಷ ಮೊಳೆ ಜೋಡಿಸಿದರು. ಗೋಡೆಗೆ ಹೊಡೆಯುವ ಮೊಳೆಯಲ್ಲ, ಸೀಸದಲ್ಲಿ ಎರಕ ಹೊಯ್ದ ಅಕ್ಷರ. ಒಂದೊಂದನ್ನೇ ಆರಿಸಿ, ಉಲ್ಟಾ ಓದಿಕೊಂಡು ಸಾಲು ಕಟ್ಟುವ ಕೆಲಸ. ಕಣ್ಣೂ ಹೋಗುತ್ತದೆ, ಬೆನ್ನೂ ಹೋಗುತ್ತದೆ, ಹೆಸರು ಮಾತ್ರ ಪ್ರೆಸ್ಸಿನ ಯಜಮಾನನದು.

ಆ ದುಂಡು ಹೊಟ್ಟೆಯ ಅಕ್ಷರಗಳನ್ನು ಪಾಷಾ ಅವರ ತಂದೆ ಬೆಂಗಳೂರಿನ ಒಂದು ಎರಕದ ಕಾರ್ಖಾನೆಯಿಂದ ತಂದಿದ್ದರು. ಕಾರ್ಖಾನೆ ಮುಚ್ಚಿಹೋಗಿ ಎಷ್ಟೋ ಕಾಲವಾಗಿ, ಆ ಅಕ್ಷರ ಬೇರೆಲ್ಲೂ ಉಳಿದಿರಲಿಲ್ಲ. ಇಲ್ಲಿ ಮಾತ್ರ ಎರಡು ಮರದ ಪೆಟ್ಟಿಗೆ ತುಂಬ ಇದ್ದವು. ಒಂದು ಮದುವೆ, ನಾಮಕರಣ, ಗೃಹಪ್ರವೇಶಕ್ಕೆ. ಇನ್ನೊಂದು ತಿಥಿ ಕಾರ್ಡಿಗೆ ಮಾತ್ರ. ಸಾವಿನ ಸುದ್ದಿಗೆ ಕೂತ ಮೊಳೆಯನ್ನು ಶುಭಕಾರ್ಯಕ್ಕೆ ಮುಟ್ಟುವಂತಿರಲಿಲ್ಲ. ಗಿರಾಕಿಗಳ ನಂಬಿಕೆ ಎಂದು ಪಾಷಾ ಅವರೇ ಈ ಕಟ್ಟಳೆಯನ್ನು ಬಿಗಿಯಾಗಿ ನಡೆಸಿದರು. ತಮ್ಮ ಹೆಂಡತಿ ಮುತ್ತಮ್ಮ ತೀರಿಕೊಂಡಾಗ ಆ ಎರಡನೇ ಪೆಟ್ಟಿಗೆಯಿಂದ ಅವಳ ಹೆಸರು ಜೋಡಿಸಿದವರೂ ಪಾಪಯ್ಯನವರೇ.

ಪ್ರೆಸ್ಸು ಮುಚ್ಚಿ, ಸೀಸವನ್ನು ಕರಗಿಸಲು ಕೊಡುವುದೆಂದು ತೀರ್ಮಾನವಾಯಿತು. ಪಾಪಯ್ಯನವರಿಗೆ ಅನ್ನ ಸೇರದಾಯಿತು. ಆ ವಾರವೇ, ಕಂಪ್ಯೂಟರಿಗೆ ಫಾಂಟ್ ಮಾಡುವ ಪ್ರಮೋದಾ ಎಂಬ ಹೆಂಗಸು ಬೆಂಗಳೂರಿನಿಂದ ಬಂದರು. ಪ್ರತಿ ಅಕ್ಷರವನ್ನೂ ಕಾಗದದ ಮೇಲೆ ಒತ್ತಿಕೊಟ್ಟರೆ ಅದನ್ನು ನೋಡಿ ಬರೆದು ಉಳಿಸುತ್ತೇನೆ ಎಂದರು. ಪಾಪಯ್ಯನವರು ಮದುವೆ ಪೆಟ್ಟಿಗೆಯಿಂದ ಒತ್ತಿಕೊಟ್ಟರು.

"ಅಂಚೆಲ್ಲ ಸವೆದುಹೋಗಿದೆ ಸರ್. ಇದ್ರಲ್ಲಿ ಆಗಲ್ಲ. ಬೇರೆ ಸೆಟ್ ಇಲ್ವಾ?"

ಅಷ್ಟು ಮದುವೆ ಮಾಡಿಸಿದ ಅಕ್ಷರ ಸವೆಯದೆ ಇರುತ್ತದೆಯೇ? ಪಾಪಯ್ಯನವರು ಒತ್ತಿದ ಕಾಗದ ಮಡಚಿಟ್ಟು, "ಇದೆ ಕಣಮ್ಮ," ಅಂದರು. ತಿಥಿಯ ಪೆಟ್ಟಿಗೆ ತೆಗೆದರು. ಅದು ಯಾವುದೆಂದು ಹೇಳಲಿಲ್ಲ. ಹೇಳಿದರೆ ಆಕೆ ಬೇಡವೆಂದು ಎದ್ದುಹೋದರೆ? ಕಂಪ್ಯೂಟರಿಗೆಲ್ಲಿಯ ಸೂತಕ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಸೀಸ ಕರಗಿತು. ವರ್ಷ ಕಳೆಯುವಷ್ಟರಲ್ಲಿ ಫಾಂಟ್ ಬಂತು. ಅದಕ್ಕೆ ಪ್ರಮೋದಾ ಇಟ್ಟ ಹೆಸರು 'ಪಾಪಯ್ಯ'. ಮುದುಕರು ಒಂದು ತಿಂಗಳು ನೆಲದ ಮೇಲೆ ನಡೆಯಲಿಲ್ಲ ಬಿಡಿ.

ಕಳೆದ ಮಾಘದಲ್ಲಿ ಮೊಮ್ಮಗಳು ಚಂದನಳ ಮದುವೆ ದೊಡ್ಡಬೆಳವಂಗಲದ ಕಡೆ ಗೊತ್ತಾಯಿತು. ಲಗ್ನಪತ್ರಿಕೆಯ ಕಟ್ಟು ಬಂದ ದಿನ ಮಗಳು ಮುನಿರತ್ನಮ್ಮ ಅರಿಸಿನ ಕಲಸಿ ಬಟ್ಟಲನ್ನು ಅಪ್ಪನ ಮುಂದಿಟ್ಟಳು. ಮೊದಲ ಪತ್ರಿಕೆಯ ಮೂಲೆಗಳಿಗೆ ಹಿರಿಯರೇ ಹಚ್ಚಬೇಕು.

"ನೋಡಿ ತಾತ," ಅಂದಳು ಚಂದನ. "ಅಂಗಡಿಯವನು ಏನೇನೋ ತೋರಿಸ್ದ. ನಮ್ ತಾತನ ಅಕ್ಷರಾನೇ ಬೇಕು ಅಂತ ಹಟ ಹಿಡಿದು ಹಾಕಿಸ್ಕೊಂಡ್ ಬಂದ್ಬಿಟ್ಟೆ."

ಪಾಪಯ್ಯನವರು ಕನ್ನಡಕ ಹಾಕಿಕೊಂಡರು. 'ದಿವಂಗತ ಮುತ್ತಮ್ಮ ಮತ್ತು ಪಾಪಯ್ಯನವರ ಮೊಮ್ಮಗಳು.' ಅದೇ ಮು, ಅದೇ ತ್ತ, ಅದೇ ಮ್ಮ. ಅವತ್ತು ತಿಥಿ ಕಾರ್ಡಿಗೆ ಈ ಕೈಯಲ್ಲೇ ಜೋಡಿಸಿದ್ದು. ಅದರ ಕೆಳಗೆ, ಅದೇ ಅಕ್ಷರದಲ್ಲಿ, ಚಂದನ.

ಬಟ್ಟಲ ಕಡೆ ಹೋದ ಕೈ ಅಲ್ಲೇ ನಿಂತಿತು. ಮನೆಮಂದಿಯೆಲ್ಲ ಮುಖ ಮುಖ ನೋಡಿಕೊಂಡರು. ಚಂದನಳ ಕಣ್ಣು ತುಂಬಿತು.

"ಯಾಕ್ ತಾತ, ಈ ಸಂಬಂಧ ಇಷ್ಟ ಇಲ್ವಾ?"

"ಇಷ್ಟಾನೇ ಕಣಮ್ಮ. ಕಣ್ಣು ಸರಿಯಾಗಿ ಕಾಣಲ್ಲ, ಅಷ್ಟೇ."

ನಾಲ್ಕು ಮೂಲೆಗೂ ಅರಿಸಿನ ಹಚ್ಚಿದರು. ಮೊಮ್ಮಗಳ ಬಾಳಿಗೆ ತಾನೇ ಕೇಡು ತಂದೆನೇನೋ ಎಂಬ ಹೆದರಿಕೆಯನ್ನು ಆ ಮನೆಯಲ್ಲಿ ಯಾರ ಹತ್ತಿರವೂ ಹೇಳುವಂತಿರಲಿಲ್ಲ. ಮುತ್ತಮ್ಮ ಇದ್ದಿದ್ದರೆ ಅವಳ ಹತ್ತಿರ ಹೇಳುತ್ತಿದ್ದರು.